ಮೂಗಿಯ ಡೆಕ್ಕಿನ ಮೇಲೆ ಓಡಿದ್ದು

ನಮ್ಮೂರಲ್ಲಿ ಯಾರೂ ಓಡುವುದಿಲ್ಲ. ಬಸ್ಸು ಕಣ್ಣೆದುರೇ ಹೊರಟರೂ ಓಡುವುದಿಲ್ಲ, ಮಳೆ ಬಂದು ಅಂಗಳದ ಒಣಮೀನು ನೆನೆಯುತ್ತಿದ್ದರೂ ಓಡುವುದಿಲ್ಲ. ಶಾಲೆ ಬಿಟ್ಟರೆ ಮಕ್ಕಳು ಮದುವೆ ಮನೆಗೆ ಬಂದ ಹಿರಿಯರ ಹಾಗೆ ಒಬ್ಬರ ಹಿಂದೊಬ್ಬರು ನಡೆದು ಹೊರಗೆ ಬರುತ್ತಾರೆ. ನಾಯಿಗಳು ಮಾತ್ರ ಓಡುತ್ತವೆ. ನಾಲ್ಕು ಕಾಲಿನ ಸದ್ದಿಗೆ ಹಡಗುಗಳು ಕಿವಿಗೊಡುವುದಿಲ್ಲ.

ಇದೇನೂ ಗೊತ್ತಿಲ್ಲದೆ ನಾನು ಈ ಊರಿಗೆ ಸೊಸೆಯಾಗಿ ಬಂದೆ. ನನ್ನ ತವರು ಇದೇ ಕರಾವಳಿಯ ಇನ್ನೊಂದು ತುದಿ. ಅಲ್ಲಿ ಹೆಂಗಸರು ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ಸಂತೆಗೆ ಓಡುತ್ತಾರೆ. ಮೊದಲು ಮುಟ್ಟಿದವಳ ಮೀನು ಮೊದಲು ಖರ್ಚಾಗುತ್ತದೆ. ನಾನು ಹೆಚ್ಚಾಗಿ ಮೊದಲು ಮುಟ್ಟುತ್ತಿದ್ದೆ. ಮದುವೆಯಾಗಿ ಬಂದ ಮೂರನೆಯ ದಿನ ತಂತಿಯ ಮೇಲೆ ಒಣಹಾಕಿದ್ದ ಹೊಸ ಸೀರೆ ಗಾಳಿಗೆ ಹಾರಿತು. ನಾನು ಅದರ ಹಿಂದೆ ಓಡಿದೆ. ಹತ್ತು ಮಾರು ಓಡಿರಬಹುದು, ಓಣಿಯ ಸದ್ದೆಲ್ಲ ನಿಂತುಹೋಯಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇಳಿದು ನಿಂತ. ಬಾವಿಕಟ್ಟೆಯ ಹೆಂಗಸರು ಹಗ್ಗ ಹಿಡಿದವರು ಹಿಡಿದ ಹಾಗೇ ನಿಂತರು. ಅವರು ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಹಡಗು ಕಟ್ಟುವ ಧಕ್ಕೆಯ ಕಡೆಗಿತ್ತು. ನನ್ನ ಅತ್ತೆ ಮಂಕಾಳಮ್ಮ ಮನೆಯೊಳಗಿಂದ ನಡೆದು ಬಂದರು. ಓಡಲಿಲ್ಲ, ನಡೆದೇ ಬಂದರು. ನನ್ನ ತೋಳು ಹಿಡಿದು ಧಕ್ಕೆಯನ್ನೇ ನೋಡುತ್ತ ನಿಂತರು. ಅವರ ಉಗುರು ನನ್ನ ತೋಳಿನೊಳಗೆ ಇಳಿದಿತ್ತು. ಅಲ್ಲಿಂದ ಯಾವ ಸದ್ದೂ ಬರದಿದ್ದ ಮೇಲೆ ಕೈ ಸಡಿಲ ಬಿಟ್ಟರು.

"ನಿನ್ನ ಊರಲ್ಲಿ ಹೇಗೋ ನನಗೆ ಗೊತ್ತಿಲ್ಲ ಮಗಾ," ಅಂದರು. "ಇಲ್ಲಿ ಮೊದಲು ಕಾಲಿಗೆ ಬುದ್ಧಿ ಕಲಿಸ್ಬೇಕು."

ಅವತ್ತಿನಿಂದಲೇ ಕಲಿಸಿದರು. ಕುದಿಯುವ ಗಂಜಿಯ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಅಡುಗೆಮನೆಯಿಂದ ಅಂಗಳದ ತುಳಸಿಯವರೆಗೆ ಹೋಗಿ ಬಾ ಅನ್ನುತ್ತಿದ್ದರು. ಸ್ವಲ್ಪ ಅವಸರ ಮಾಡಿದರೆ ಗಂಜಿ ತುಳುಕಿ ಕೈ ಸುಡುತ್ತಿತ್ತು. ಒಂದು ತಿಂಗಳಲ್ಲಿ ನನ್ನ ನಡಿಗೆಯೂ ಊರಿನವರ ನಡಿಗೆಯ ಹಾಗಾಯಿತು.

ನಮ್ಮೂರಿನ ಧಕ್ಕೆಗೆ ಹಳೆಯ ಯುದ್ಧನೌಕೆಗಳು ಬರುತ್ತವೆ. ನೌಕಾಪಡೆ ಸಾಕು ಎಂದು ಬಿಟ್ಟ ಹಡಗುಗಳು. ಅವುಗಳ ತೋಪು ಕತ್ತರಿಸಿ ಇಳಿಸುತ್ತಾರೆ, ಬೂದುಬಣ್ಣ ಕೆರೆದು ಬಿಳಿ ಬಳಿಯುತ್ತಾರೆ, ಮದ್ದುಗುಂಡು ತುಂಬುತ್ತಿದ್ದ ಕಡೆ ಹಾಸಿಗೆ ಹಾಕಿ ಔಷಧಿಯ ಕಪಾಟು ಕೂರಿಸುತ್ತಾರೆ. ಆಮೇಲೆ ಕರಾವಳಿ ಕಾವಲು ಪಡೆಯವರು ಬಂದು ಒಯ್ಯುತ್ತಾರೆ, ಮೀನುಗಾರರನ್ನು ಕಾಯಲು, ಮುಳುಗುವವರನ್ನು ಎತ್ತಲು. ನನ್ನ ಗಂಡನಿಗೆ ತೋಪು ಕತ್ತರಿಸುವ ಗ್ಯಾಸ್ ಕಟ್ಟರ್ ಕೆಲಸ. ಹೆಸರು ಬೀರಪ್ಪ. ನಾನು ಹೆಸರು ಹಿಡಿದು ಕರೆದವಳಲ್ಲ, ಹಾಗಾಗಿ ಇಲ್ಲಿಯೂ ನಮ್ಮವರು ಅಂತಲೇ ಹೇಳುತ್ತೇನೆ.

ತೋಪು ಕತ್ತರಿಸಿದ ಮಾತ್ರಕ್ಕೆ ಹಡಗು ಯುದ್ಧವನ್ನು ಮರೆಯುವುದಿಲ್ಲ. ಡೆಕ್ಕಿನ ಮೇಲೆ, ಒಮ್ಮೊಮ್ಮೆ ಹತ್ತಿರದ ದಡದ ಮೇಲೂ, ಮನುಷ್ಯರ ಕಾಲು ಓಡಿದರೆ ಅದಕ್ಕೆ ತಿಳಿಯುವುದು ಒಂದೇ, ಶತ್ರು ಬಂದ ಎಂದು. ಕೂಡಲೇ ಒಳಗಿನ ಕಬ್ಬಿಣದ ಬಾಗಿಲುಗಳನ್ನೆಲ್ಲ ತಾನೇ ಹಾಕಿಕೊಳ್ಳುತ್ತದೆ, ಮುಖ ತಿರುಗಿಸಿ ಸಮುದ್ರಕ್ಕೆ ಹೊರಡುತ್ತದೆ. ನನ್ನ ಮಾವ ಬಣ್ಣ ಬಳಿಯುವವರಾಗಿದ್ದರಂತೆ. ನಮ್ಮವರು ಆಗ ತೊಟ್ಟಿಲಲ್ಲಿದ್ದರು. ಹಡಗಿನೊಳಗೆ ಬಣ್ಣದ ಡಬ್ಬಿಗೆ ಕಿಡಿ ಹಾರಿ ಬೆಂಕಿ ಹತ್ತಿತು, ಮಾವ ಗಾಬರಿಯಲ್ಲಿ ನಾಲ್ಕು ಹೆಜ್ಜೆ ಓಡಿದರು. ಬಾಗಿಲು ಬಿತ್ತು, ಹಗ್ಗ ಹರಿಯಿತು, ಹಡಗು ಹೋಯಿತು. ಮಳೆಗಾಲ ಕಳೆದ ಮೇಲೆ ಯಾವುದೋ ದ್ವೀಪದ ಹತ್ತಿರ ಸಿಕ್ಕಿದಾಗಲೂ ಬಾಗಿಲುಗಳು ಹಾಕಿಯೇ ಇದ್ದವು. ಕತ್ತರಿಸಿ ತೆಗೆದಾಗ ನೋಡಲು ಅತ್ತೆಯನ್ನೂ ಕರೆದುಕೊಂಡು ಹೋಗಿದ್ದರು. ಒಳಗೆ ಏನು ಕಂಡರು ಎಂದು ಅತ್ತೆ ಯಾರಿಗೂ ಹೇಳಲಿಲ್ಲ. ಅಲ್ಲಿಂದೀಚೆಗೆ ಅವರು ಹಡಗನ್ನು ಹತ್ತುವುದಿರಲಿ, ಧಕ್ಕೆಯ ಅಂಚಿಗೂ ಹೋದವರಲ್ಲ.

ಹಾಗಾಗಿ ಹಡಗನ್ನು ಒಪ್ಪಿಸುವ ಮೊದಲು ಒಂದು ಪರೀಕ್ಷೆ ಇರುತ್ತದೆ. ಎಲ್ಲರನ್ನೂ ಇಳಿಸಿ ಒಬ್ಬರನ್ನು ಡೆಕ್ಕಿನ ಮೇಲೆ ಓಡಿಸುತ್ತಾರೆ. ಹಡಗು ಸುಮ್ಮನಿದ್ದರೆ ಮರೆತಿದೆ ಎಂದು ಅರ್ಥ. ಕಾವಲು ಪಡೆಯವರು ಓಡಾಡುವ ಜನ. ಮುಳುಗುವವನನ್ನು ಎತ್ತಲು ಅವರು ಗಂಜಿಯ ಪಾತ್ರೆ ಹಿಡಿದವರ ಹಾಗೆ ನಡೆಯಲಿಕ್ಕಾಗುವುದಿಲ್ಲ.

ಆ ವರ್ಷ ಬಂದ ಹಡಗನ್ನು ಕೆಲಸಗಾರರು ಮೂಗಿ ಅನ್ನುತ್ತಿದ್ದರು. ಬೇರೆ ಹಡಗುಗಳು ಅಲೆಗೆ ನರಳುತ್ತವೆ, ಕಿರುಗುಟ್ಟುತ್ತವೆ. ಇದು ಬಂದ ದಿನದಿಂದ ಚೂರೂ ಸದ್ದು ಮಾಡಿರಲಿಲ್ಲ. ಬಹಳ ಯುದ್ಧ ಕಂಡ ಹಡಗಂತೆ. ಅದರ ಪಕ್ಕ ನಡೆಯುವಾಗ ಮಾತಾಡುತ್ತಿದ್ದವರು ತಾವಾಗಿ ದನಿ ತಗ್ಗಿಸುತ್ತಿದ್ದರು. ಮಳೆಗಾಲಕ್ಕೆ ಸ್ವಲ್ಪ ದಿನ ಇರುವಾಗ ಧಕ್ಕೆಯ ಮೇಲ್ವಿಚಾರಕ ಮುಕುಂದರಾಯರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ನೀರು ಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಮಾತು ತೆಗೆದರು.

"ಮುಂದಿನ ವಾರ ಕಾವಲು ಪಡೆಯವರು ಬರ್ತಾರೆ. ಓಡುತ್ತಿದ್ದ ಹುಡುಗ ಕೆಲಸ ಬಿಟ್ಟು ಅವನ ಊರಿಗೆ ಹೋದ. ಮೂಗಿಯ ಮೇಲೆ ಓಡ್ಲಿಕ್ಕೆ ಜನ ಇಲ್ಲ."

"ಊರಲ್ಲಿ ಇಷ್ಟು ಜನ ಇದ್ದಾರಲ್ಲ," ಅಂದರು ಅತ್ತೆ.

"ಇದ್ದಾರೆ ಮಂಕಾಳಮ್ಮ. ಓಡ್ಲಿಕ್ಕೆ ಬರ್ಬೇಕಲ್ಲ? ಊರಾಚೆ ಗುಡ್ಡದ ಹಿಂದೆ ಇಬ್ಬರನ್ನು ಓಡಿಸಿ ನೋಡಿದೆ. ಕೋಳಿ ಕೆದಕಿದ ಹಾಗಿತ್ತು. ಅದನ್ನು ಓಟ ಅಂತ ಹಡಗು ನಂಬೂದಿಲ್ಲ." ಅವರು ನನ್ನ ಮುಖ ನೋಡಲಿಲ್ಲ, ನನ್ನ ಕಾಲು ನೋಡಿದರು.

ನಮ್ಮವರಿಗೆ ಅರ್ಥವಾಯಿತು. "ಆಗೂದಿಲ್ಲ ರಾಯರೇ," ಅಂದರು. "ಮೂಗಿ ಇನ್ನೂ ತಯಾರಿಲ್ಲ. ಅದರ ಮುಂದಿನ ತೋಪು ಕತ್ತರಿಸಿದ್ದು ನಾನೇ. ಕತ್ತರಿಸಿ ಎಷ್ಟು ದಿನ ಆಯ್ತು? ಆ ಬುಡ ಮುಟ್ಟಿ ನೋಡಿ, ಇನ್ನೂ ಬಿಸಿ ಇದೆ."

"ಈ ಬಿಸಿಲಿಗೆ ಕಬ್ಬಿಣ ಬಿಸಿ ಆಗ್ದೆ ಮತ್ತೆಂತ ಆಗ್ತದೆ?"

"ಬೆಳಿಗ್ಗೆ ಸೂರ್ಯ ಏಳುವ ಮೊದಲು ಮುಟ್ಟಿದ್ರೂ ಬಿಸಿ."

ರಾಯರು ಲೋಟವನ್ನು ಜಗಲಿಯ ಮೇಲಿಟ್ಟರು. ನನಗೆ ಆ ಹೊತ್ತಿಗೆ ಅಣ್ಣ ಜಟ್ಟಪ್ಪನ ನೆನಪು ಬಂತು. ಹಿಂದಿನ ವರ್ಷ ಅವನ ದೋಣಿ ಮಗುಚಿತ್ತು. ಖಾಲಿ ಡೀಸೆಲ್ ಕ್ಯಾನು ತಬ್ಬಿಕೊಂಡು ತೇಲುತ್ತಿದ್ದನಂತೆ. ಜೊತೆಗಿದ್ದ ಅವನ ಭಾವನೆಂಟ ಸಂಜೆಯವರೆಗೂ ಮಾತಾಡುತ್ತಿದ್ದು, ಆಮೇಲೆ ಮಾತಾಡಲಿಲ್ಲವಂತೆ. ನಮ್ಮ ತವರಿನ ಕಡಲಿಗೆ ಕಾವಲು ಹಡಗು ಇರಲಿಲ್ಲ, ಯಾರೂ ಹುಡುಕಲು ಬರಲಿಲ್ಲ, ಅಣ್ಣ ಒಬ್ಬನೇ ಹೇಗೋ ದಡ ಮುಟ್ಟಿದ. ಈ ಹಡಗು ಅತ್ತ ಹೋಗುವುದೆಂದು ಊರಲ್ಲಿ ಮಾತಿತ್ತು.

"ನಾನು ಓಡ್ತೇನೆ," ಅಂದೆ.

ಅತ್ತೆ ಎದ್ದು ಒಳಗೆ ಹೋದರು. ಅವತ್ತು ನಮ್ಮವರು ಊಟಕ್ಕೆ ಕೂತು ಅನ್ನ ಕಲಸಿ ಕಲಸಿ ಬಿಟ್ಟರು. "ನಿನಗೆ ಹೆದ್ರಿಕೆ ಆಗೂದಿಲ್ವಾ ನೀಲು?" ಅಂದರು.

"ಆಗ್ತದೆ."

"ಮತ್ತೆ?"

"ಓಡ್ಲಿಕ್ಕೆ ಬರೂದು ನನಗೊಬ್ಬಳಿಗೆ ಅಲ್ವಾ?"

ಅವರು ಎದ್ದು ಕೈ ತೊಳೆದರು.

ಪರೀಕ್ಷೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಊರೆಲ್ಲ ಧಕ್ಕೆಯಲ್ಲಿ ಸೇರಿತ್ತು. ಮೂಗಿಯನ್ನು ಎರಡೆರಡು ಹಗ್ಗ ಹಾಕಿ ಕಟ್ಟಿದ್ದರು. ಬಿಳಿ ಬಣ್ಣ ಬಳಿದು ಮುಗಿದಿತ್ತು, ಆದರೂ ಅದು ಬಿಳಿ ಬಟ್ಟೆ ಹೊದ್ದು ಮಲಗಿದ ಹಾಗೆ ಕಾಣುತ್ತಿತ್ತು. ಅತ್ತೆ ಬರುವುದಿಲ್ಲ ಎಂದಿದ್ದರು. ಆದರೆ ನಾನು ಹಲಗೆ ಹತ್ತುವಾಗ ತಿರುಗಿ ನೋಡಿದರೆ ಜನರ ಹಿಂದೆ, ಹಗ್ಗದ ಸುರುಳಿಗಳ ಹತ್ತಿರ ನಿಂತಿದ್ದರು. ನಮ್ಮವರು ಕಾಣಲಿಲ್ಲ. ನೋಡಲಾಗದೆ ಎಲ್ಲೋ ಹೋಗಿರಬೇಕು ಅಂದುಕೊಂಡೆ.

ಅವರು ಎಲ್ಲಿಗೆ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಹಡಗಿನ ಹೊಟ್ಟೆಯೊಳಗೆ ಮದ್ದಿನ ಕೋಣೆ ಎಂದು ಒಂದಿದೆ. ಯುದ್ಧದಲ್ಲಿ ಬೆಂಕಿ ತಗಲಿ ಮದ್ದು ಸಿಡಿಯಬಾರದೆಂದು ಆ ಕೋಣೆಗೆ ಸಮುದ್ರದ ನೀರು ನುಗ್ಗುವ ಕೊಳವೆ ಇಟ್ಟಿರುತ್ತಾರೆ. ಆ ಕೊಳವೆಯನ್ನು ಕಿತ್ತು ಹಾಕುವ ಕೆಲಸ ಬಾಕಿ ಇತ್ತು. ಮೂಗಿ ಎಚ್ಚರಾಗಿ ನೀರು ಬಿಟ್ಟರೆ ಒಂದು ಬದಿಗೆ ವಾಲುತ್ತದೆ, ಮೇಲೆ ಓಡುತ್ತಿರುವ ನಾನು ಜಾರಿ ಸಮುದ್ರಕ್ಕೆ ಬೀಳುತ್ತೇನೆ ಎಂದು ನಮ್ಮವರಿಗೆ ಹೆದರಿಕೆ. ಯಾರಿಗೂ ಹೇಳದೆ ಕೊಳವೆಯ ತಿರುಪು ಮುಚ್ಚಿ ಬರಲು ಇಳಿದಿದ್ದರು. ತಿರುಪು ತುಕ್ಕು ಹಿಡಿದಿತ್ತು. ಸುತ್ತಿಗೆಯಲ್ಲಿ ಬಡಿದು ಬಿಡಿಸುತ್ತ ಹೊತ್ತು ಹೋದದ್ದು ಅವರಿಗೆ ತಿಳಿಯಲಿಲ್ಲ. ಎಲ್ಲರೂ ಇಳಿದಿದ್ದಾರೆ ಎಂದುಕೊಂಡು ಮುಕುಂದರಾಯರು ಕೈ ಎತ್ತಿದರು.

ನಾನು ಸೀರೆ ಎತ್ತಿ ಕಚ್ಚೆ ಹಾಕಿಕೊಂಡಿದ್ದೆ. ಮೊದಲ ಹೆಜ್ಜೆ ಕಿತ್ತಿಡಲು ಕಾಲು ಬರಲಿಲ್ಲ. ಅಷ್ಟು ವರ್ಷ ನಡೆದೇ ನಡೆದ ಕಾಲು. ಎರಡನೆಯದೂ ತಡವರಿಸಿತು. ಆಮೇಲೆ ಒಮ್ಮೆಲೇ ಬಂತು ಓಟ, ಗಾಳಿ ಕಿವಿಯಲ್ಲಿ ನುಗ್ಗಿತು. ಒಂದು ಕ್ಷಣ ನನಗೆ ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಮುಂದಿನಿಂದ ಹಿಂದಿನವರೆಗೆ ಓಡಿದೆ. ಮೂಗಿ ಸುಮ್ಮನಿತ್ತು. ಧಕ್ಕೆಯಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ತಿರುಗಿ ಮುಂದಕ್ಕೆ ಓಡತೊಡಗಿದೆ. ನಡುವಿಗೆ ಬಂದಾಗ ಬರಿಗಾಲಿಗೆ ಡೆಕ್ಕು ಬಿಸಿ ಹತ್ತಿತು. ಬಿಸಿಲಿನ ಬಿಸಿಯಲ್ಲ, ಜ್ವರ ಬಂದವರ ಮೈ ಮುಟ್ಟಿದ ಹಾಗೆ ಒಳಗಿಂದ ಬರುವ ಬಿಸಿ.

ಆಗ ಬಾಗಿಲುಗಳು ಬೀಳತೊಡಗಿದವು. ಹಿಂದೆ ಒಂದು, ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು, ಬಾವಿಯೊಳಗೆ ಕಲ್ಲು ಬಿದ್ದ ಹಾಗೆ ಆಳದವರೆಗೆ ಬಿದ್ದವು. ಎಂಜಿನ್ ತಾನಾಗಿ ಗುಡುಗಿತು. ನನ್ನ ಎದುರಿಗೆ ನಮ್ಮವರು ಕತ್ತರಿಸಿದ್ದ ತೋಪಿನ ಬುಡ ಇತ್ತು. ಮೇಲೆ ತೋಪಿಲ್ಲ, ಬರೀ ಮೊಂಡು ಕಬ್ಬಿಣ. ಅದು ಮೆಲ್ಲಗೆ ತಿರುಗಿತು. ತಿರುಗಿ ಸಮುದ್ರದ ಕಡೆ ನಿಂತಿತು. ದೂರದಲ್ಲಿ ಮೀನು ಹಿಡಿದು ಮರಳುತ್ತಿದ್ದ ದೋಣಿಗಳು ಕಾಣುತ್ತಿದ್ದವು. ಮೂಗಿ ಮೂತಿಯನ್ನು ಅವುಗಳ ಕಡೆ ತಿರುಗಿಸಿತು. ಧಕ್ಕೆಯಿಂದ ದೂರ ಸರಿದಂತೆ ನಡುವಿನ ಹಲಗೆ ಜಾರಿ ನೀರಿಗೆ ಬಿತ್ತು. ಹಗ್ಗಗಳು ಬಿಗಿದು ಅವುಗಳಿಂದ ನೀರು ಹಿಂಡಿ ಸುರಿಯಿತು.

ನಾನು ನಿಂತೆ. ಹಡಗು ಎಚ್ಚರಾದರೆ ನಿಲ್ಲಬೇಕು, ಆಮೇಲೆ ನಿಧಾನ ನಡೆಯಬೇಕು ಎಂದು ಹೇಳಿಕೊಟ್ಟಿದ್ದರು. ನಡೆಯಲು ಕಾಲು ಎತ್ತಿದಾಗ ನನ್ನ ಪಾದದ ಕೆಳಗಿನಿಂದ ಯಾರೋ ಬಡಿದರು. ಠಣ್, ಠಣ್. ಕಬ್ಬಿಣಕ್ಕೆ ಸುತ್ತಿಗೆ. ಬಿಡುವು ಕೊಟ್ಟು ಮತ್ತೆ ಠಣ್, ಠಣ್. ನಮ್ಮವರು ಮಧ್ಯಾಹ್ನ ಮನೆಗೆ ಬಂದಾಗ ಕದ ತಟ್ಟುವುದು ಹಾಗೆಯೇ.

ಧಕ್ಕೆಯಲ್ಲಿ ಯಾರಿಗೂ ಅದು ಕೇಳಿಸಿರಲಿಲ್ಲ. ಆದರೆ ಅತ್ತೆ ನನ್ನ ಮುಖ ನೋಡಿದರು. ಜನರನ್ನು ಸರಿಸಿಕೊಂಡು ಮುಂದೆ ಬಂದರು. ಧಕ್ಕೆಯ ಅಂಚಿಗೆ ಬಂದು ನಿಂತು ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅಂಗಳದಿಂದ ಕರೆಯುವ ದನಿಯಲ್ಲಿ ಹೇಳಿದರು: "ಬೀರ ಒಳಗಿದ್ದಾನೆ ಮಗಾ. ಹೋಗು. ಓಡ್ಬೇಡ. ನಡ್ಕೊಂಡು ಹೋಗು."

ನಾನು ನಡೆದೆ. ಕೆಳಗಿಳಿಯುವ ಬಾಗಿಲಿನ ಹತ್ತಿರ ಹೋಗಿ ನಿಂತೆ. ಅದು ಹಾಕಿತ್ತು. ಕೈಯಿಟ್ಟೆ, ಬಿಸಿ. ನನ್ನ ಕಾಲು ನಡುಗುತ್ತಿತ್ತು, ಆ ನಡುಕವೂ ಹಡಗಿಗೆ ತಿಳಿಯುತ್ತದೆ ಅನ್ನಿಸಿತು. ಹಿಮ್ಮಡಿ ಊರಿ ನಿಂತೆ. ಗಂಜಿಯ ಪಾತ್ರೆ ಕೈಯಲ್ಲಿದೆ ಅಂದುಕೊಂಡೆ. ಹೊಟ್ಟೆಯೊಳಗಿನ ಹೆದರಿಕೆ ತುಳುಕದ ಹಾಗೆ ಹಿಡಿದೆ. ಬಹಳ ಹೊತ್ತು ಎಂದು ನನಗೆ ಅನ್ನಿಸಿದ ಮೇಲೆ ಬಾಗಿಲು ಒಂದು ಅಂಗೈಯಷ್ಟು ಸರಿಯಿತು. ಆಮೇಲೆ ಇನ್ನಷ್ಟು.

ಒಳಗೆ ಕಬ್ಬಿಣದ ಏಣಿ. ಕತ್ತಲೆಯಿರಲಿಲ್ಲ, ಕೆಂಪು ದೀಪ ಹೊತ್ತಿಕೊಂಡಿತ್ತು. ಒಂದೊಂದೇ ಮೆಟ್ಟಿಲು ಇಳಿದೆ. ಸುತ್ತಿಗೆಯ ಸದ್ದು ಈಗ ಹತ್ತಿರವಾಗಿತ್ತು, ಅದರ ಜೊತೆ ಗೋಡೆಯಾಚೆ ನೀರು ಸುರಿಯುವ ಸದ್ದು. ಕೊಡಪಾನ ತುಂಬುವಾಗ ಸದ್ದು ಸಣ್ಣದಾಗುತ್ತ ಬರುತ್ತದಲ್ಲ, ಆ ಕೋಣೆಯಲ್ಲೂ ಸದ್ದು ಸಣ್ಣದಾಗುತ್ತಿತ್ತು. ಇನ್ನೊಂದು ಬಾಗಿಲು. ನಿಂತೆ. ಠಣ್, ಠಣ್. ನನಗೆ ಬಾಗಿಲನ್ನು ಗುದ್ದಬೇಕು, ಕೂಗಬೇಕು, ಕಿತ್ತು ಬಿಸಾಡಬೇಕು ಅನ್ನಿಸಿತು. ಕೈಕಟ್ಟಿ ನಿಂತೆ. ಅದು ತೆರೆಯಿತು. ಆಮೇಲೆ ಉದ್ದನೆಯ ಓಣಿ, ಅದರ ಕೊನೆಗೆ ಮದ್ದಿನ ಕೋಣೆ. ಅಲ್ಲಿಯವರೆಗೆ ನಡೆದದ್ದನ್ನು ನಾನು ಈಗಲೂ ಕನಸಿನಲ್ಲಿ ನಡೆಯುತ್ತೇನೆ. ಅರ್ಧ ಓಣಿಗೆ ಬಂದಾಗ ಸುತ್ತಿಗೆಯ ಸದ್ದು ಒಂದೇ ಆಯಿತು. ಠಣ್. ಮುಂದಿನದು ಬರಲಿಲ್ಲ. ನನ್ನ ಕಾಲು ತಾನಾಗಿ ಮುಂದಕ್ಕೆ ನುಗ್ಗಲು ಹೋಯಿತು, ಹಿಂದಿನ ಬಾಗಿಲು ಕೂಡಲೇ ಕದಲಿತು. ತಡೆದು ನಿಂತೆ. ತುಟಿ ಕಚ್ಚಿ ರಕ್ತ ಬಂತು. ಮತ್ತೆ ನಡೆದೆ. ಮಾವನೂ ಇಂಥದೇ ಓಣಿಯಲ್ಲಿ ನಾಲ್ಕು ಹೆಜ್ಜೆ ಓಡಿದ್ದರು.

ಕೊನೆಯ ಬಾಗಿಲಿಗೆ ಚಕ್ರ ಇತ್ತು. ತಿರುಗಿಸಿದೆ, ಬರಲಿಲ್ಲ. ಹಣೆಯನ್ನು ಅದಕ್ಕೆ ಒತ್ತಿ ನಿಂತು ಹೇಳಿದೆ, "ಶತ್ರು ಯಾರೂ ಬರ್ಲಿಲ್ಲ ತಾಯಿ. ನನ್ನ ಗಂಡ ಒಬ್ಬರೇ ಇದ್ದಾರೆ." ಹಡಗಿಗೆ ಮಾತು ತಿಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಚಕ್ರ ತಿರುಗಿತು. ಬಾಗಿಲು ನನ್ನನ್ನು ಒದ್ದು ತೆರೆಯಿತು, ನೀರು ನನ್ನನ್ನು ಗೋಡೆಗೆ ಅಪ್ಪಳಿಸಿತು. ಆ ನೀರಿನ ಜೊತೆ ನಮ್ಮವರು ಬಂದರು. ಕಣ್ಣು ಅರ್ಧ ತೆರೆದಿತ್ತು. ಮೈ ತಣ್ಣಗಿತ್ತು. ಉಸಿರಿರಲಿಲ್ಲ.

ಮೇಲಕ್ಕೆ ಹೇಗೆ ತಂದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಎಳೆದೆ, ಹೊತ್ತೆ, ಏಣಿಯಲ್ಲಿ ಕಚ್ಚಿ ಹಿಡಿದೆ. ಡೆಕ್ಕಿಗೆ ಬಂದಾಗ ಎಂಜಿನ್ ಗುಡುಗು ತಗ್ಗಿತ್ತು, ಆದರೆ ಮೂಗಿ ಇನ್ನೂ ಧಕ್ಕೆಯಿಂದ ದೂರವೇ ನಿಂತಿತ್ತು. ನಡುವೆ ನೀರು. ಒಂದು ಕಡೆಯ ಹಗ್ಗಗಳು ಹರಿದು ನೇತಾಡುತ್ತಿದ್ದವು. ದೋಣಿ ತರಲು ಇಬ್ಬರು ಹೋಗಿದ್ದರು. ನಡೆದುಕೊಂಡೇ ಹೋಗಿದ್ದರು.

ನನ್ನ ತವರಿನಲ್ಲಿ ನೀರು ಕುಡಿದವರನ್ನು ಹೆಗಲ ಮೇಲೆ ಕವುಚಿ ಹಾಕಿಕೊಂಡು ಓಡುತ್ತಾರೆ. ಹೊಟ್ಟೆ ಹೆಗಲಿಗೆ ಒತ್ತಬೇಕು, ತಲೆ ಹಿಂದೆ ನೇತಾಡಬೇಕು, ಓಡಿದ ಅಲುಗಾಟಕ್ಕೆ ನೀರು ಹೊರಗೆ ಬರಬೇಕು. ನನಗೆ ಗೊತ್ತಿದ್ದ ಉಪಾಯ ಅದೊಂದೇ. ನಮ್ಮವರ ಸೊಂಟ ಹಿಡಿದು ಹೆಗಲಿಗೆ ಎತ್ತಿಕೊಂಡೆ. ಧಕ್ಕೆಯಲ್ಲಿದ್ದವರಿಗೆ ನಾನು ಏನು ಮಾಡಲು ಹೊರಟೆ ಎಂದು ತಿಳಿಯಿತು.

"ಬೇಡಮ್ಮಾ," ಅಂದರು ಮುಕುಂದರಾಯರು. "ಈ ಸಲ ಹೊರಟ್ರೆ ಹಗ್ಗ ನಿಲ್ಲೂದಿಲ್ಲ. ಎದುರಿಗೆ ದೋಣಿಗಳಿದ್ದಾವೆ. ಇಬ್ಬರೂ ಹೋಗ್ತೀರಿ."

ನಾನು ಅತ್ತೆಯನ್ನು ನೋಡಿದೆ. ಅವರು ಬೇಡ ಅನ್ನಲಿಲ್ಲ, ಓಡು ಅಂತಲೂ ಅನ್ನಲಿಲ್ಲ. ಅವರ ಎರಡೂ ಕೈ ಬಾಯಿಯ ಮೇಲಿತ್ತು.

ಓಡಿದೆ. ನಡೆದು ಉಳಿಸಲಾಗದ ಜೀವ ಹೆಗಲ ಮೇಲಿತ್ತು. ಭಾರಕ್ಕೆ ಹೆಜ್ಜೆ ಧಡ್ ಧಡ್ ಎಂದು ಬೀಳುತ್ತಿತ್ತು, ಮೊದಲಿಗಿಂತ ದೊಡ್ಡ ಸದ್ದು. ಇನ್ನೇನು ಬಾಗಿಲು ಬೀಳುತ್ತದೆ, ಇನ್ನೇನು ಹಗ್ಗ ಹರಿಯುತ್ತದೆ ಎಂದು ಪ್ರತಿ ಹೆಜ್ಜೆಗೂ ಬೆನ್ನು ಮರಗಟ್ಟುತ್ತಿತ್ತು. ಹಿಂದಿನ ತುದಿ ಮುಟ್ಟಿ ತಿರುಗಿದೆ. ಆಗ ಮೂಗಿ ನಡುಗಿತು. ತುದಿಯಿಂದ ತುದಿಯವರೆಗೆ, ನಿದ್ದೆಯಲ್ಲಿರುವ ದನ ಮೈ ಅದುರಿಸಿದ ಹಾಗೆ. ಎಂಜಿನ್ ಮತ್ತೆ ಗುಡುಗಿತು. ಹಡಗು ಚಲಿಸತೊಡಗಿತು. ಧಕ್ಕೆಯಲ್ಲಿ ಒಬ್ಬ ಹೆಂಗಸು ಅತ್ತಳು. ನಾನು ನಿಲ್ಲಲಿಲ್ಲ. ನಿಂತರೂ ಪ್ರಯೋಜನವಿಲ್ಲ ಅನ್ನಿಸಿತು, ಹೋಗುವುದಾದರೆ ಓಡುತ್ತಲೇ ಹೋಗೋಣ ಅನ್ನಿಸಿತು.

ಆದರೆ ಹಡಗು ಸಮುದ್ರದ ಕಡೆಗೆ ಹೋಗುತ್ತಿರಲಿಲ್ಲ. ಮೂಗಿ ಮೂತಿಯನ್ನು ದೋಣಿಗಳ ಕಡೆಯಿಂದ ಈಚೆಗೆ ತಂದಿತು, ಬದಿಯನ್ನು ಧಕ್ಕೆಗೆ ಕೊಟ್ಟು ಮೆಲ್ಲಮೆಲ್ಲಗೆ ಸರಿಯಿತು. ನಡುವಿನ ನೀರು ಕಿರಿದಾಗುತ್ತ ಬಂತು. ಹಡಗಿನ ಹೊಟ್ಟೆ ಕಲ್ಲಿಗೆ ತಗಲಿ ನಿಂತಿತು. ಒಂದು ಬಾಗಿಲೂ ಬೀಳಲಿಲ್ಲ. ನಾನು ಅಂಚಿಗೆ ಬಂದಾಗ ಆಚೆಯಿಂದ ಕೈಗಳು ಚಾಚಿದವು, ಎಲ್ಲಕ್ಕಿಂತ ಮುಂದೆ ಅತ್ತೆಯ ಕೈ. ಅವರ ಕೈಗೆ ಕೊಡುವಾಗ ನಮ್ಮವರ ಬಾಯಿಂದ ನೀರು ಬುಳಬುಳನೆ ನನ್ನ ಬೆನ್ನಿನ ಮೇಲೆ ಸುರಿಯಿತು. ಆಮೇಲೆ ಅವರು ಕೆಮ್ಮಿದರು.

ಆಸ್ಪತ್ರೆಯ ಡಾಕ್ಟರು ನನಗೆ ಬೈದರು. "ಹೆಗಲ ಮೇಲೆ ಹಾಕಿ ಓಡಿದ್ರೆ ನೀರು ಹೋಗ್ತದೆ ಅಂತ ಯಾರು ಹೇಳಿದ್ದು? ಅದು ಚಿಕಿತ್ಸೆಯೇ ಅಲ್ಲ. ಇವ್ರು ಉಳಿದದ್ದು ನಿಮ್ಮ ಪುಣ್ಯ," ಅಂದರು. ಹಾಗೇ ಇರಬಹುದು. ನಮ್ಮವರ ಕೆಮ್ಮು ಪೂರ್ತಿ ಹೋಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಲಿಕ್ಕಾಗುವುದಿಲ್ಲ, ಬಚ್ಚಲಿನ ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ. ಗ್ಯಾಸ್ ಕಟ್ಟರ್ ಬಿಟ್ಟು ಧಕ್ಕೆಯ ಗೇಟಿನ ಹತ್ತಿರ ಕೂರುವ ಕೆಲಸ ಹಿಡಿದರು. ಮುಂದಿನ ಹಡಗಿಗೂ ಓಡಿ ಕೊಡು ಎಂದು ಮುಕುಂದರಾಯರು ಬಂದಾಗ ನಾನು ಒಪ್ಪಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ.

ಮೂಗಿಯನ್ನು ಏನು ಮಾಡುವುದೆಂದು ಬಹಳ ಚರ್ಚೆ ನಡೆಯಿತು. ಒಡೆದು ಗುಜರಿಗೆ ಹಾಕುವ ಮಾತೂ ಬಂತು. ಕೊನೆಗೆ ಕಾವಲು ಪಡೆಯ ಕಪ್ತಾನರು ಬಂದು, ನಡೆದದ್ದನ್ನೆಲ್ಲ ನನ್ನಿಂದ ಕೇಳಿ, ಡೆಕ್ಕಿನ ಮೇಲೆ ಒಬ್ಬನನ್ನು ಓಡಿಸಿ ನೋಡಿದರು. ಬರಿಗೈಯಲ್ಲಿ ಓಡಿದಾಗ ಡೆಕ್ಕು ಬಿಸಿಯಾಯಿತು. ಕೂಡಲೇ ನಿಲ್ಲಿಸಿ, ಅವನ ಬೆನ್ನ ಮೇಲೆ ಇನ್ನೊಬ್ಬನನ್ನು ಹೊರಿಸಿ ಓಡಿಸಿದರು. ಹಡಗು ತಣ್ಣಗಾಯಿತು. ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ಓಡಿದವರ ಹೆಜ್ಜೆಯೂ ಅದಕ್ಕೆ ನೆನಪಿತ್ತೋ ಏನೋ. ಅಂದಿನಿಂದ ಮೂಗಿಯಲ್ಲಿ ಅದೇ ಪದ್ಧತಿ. ಅಲ್ಲಿ ಓಡುವವರು ಒಬ್ಬರನ್ನು ಹೊತ್ತೇ ಓಡಬೇಕು. ನೋಡುವವರಿಗೆ ನಗು ಬರಬಹುದು. ನಮ್ಮೂರಲ್ಲಿ ಯಾರೂ ನಗಲಿಲ್ಲ.

ಮೂಗಿ ಇನ್ನೂ ನಮ್ಮ ಧಕ್ಕೆಯಲ್ಲೇ ಇರುವಾಗ ಅದರ ಮೊದಲ ಕರೆ ಮಳೆಗಾಲದ ಮೊದಲ ಬಿರುಗಾಳಿಗೇ ಬಂತು. ಬೆಳಗಿನ ಹೊತ್ತು. ಹೊರಗಿನ ಕಡಲಿನಲ್ಲಿ ದೋಣಿಗಳು ಸಿಕ್ಕಿಕೊಂಡಿವೆ ಎಂದು ಸುದ್ದಿ ಬಂತು. ಧಕ್ಕೆಯಿಂದ ನಾವು ನೋಡುತ್ತಿದ್ದ ಹಾಗೆ ಸಿಬ್ಬಂದಿ ಒಬ್ಬರನ್ನೊಬ್ಬರು ಹೊತ್ತು ಡೆಕ್ಕಿನ ಉದ್ದಕ್ಕೂ ಓಡಿದರು, ಮೂಗಿ ಮಳೆಯೊಳಗೆ ಹೋಗಿ ಮರೆಯಾಯಿತು. ಆಮೇಲೆ ಕಾಯುವುದೇ ಕೆಲಸ. ಅದು ದೋಣಿಗಳನ್ನು ಕಂಡಾಗ ಏನು ಮಾಡುತ್ತದೆ? ಆ ಗಾಳಿಯಲ್ಲಿ ಯಾವನಾದರೂ ಹುಡುಗ ಹೆದರಿ ಬರಿಗೈಯಲ್ಲಿ ನಾಲ್ಕು ಹೆಜ್ಜೆ ಓಡಿಬಿಟ್ಟರೆ? ಎಲ್ಲರ ತಲೆಯಲ್ಲೂ ಇದ್ದದ್ದು ಅದೇ. ನಮ್ಮವರು ನನ್ನ ಮಣಿಕಟ್ಟು ಹಿಡಿದಿದ್ದರು. ಅತ್ತೆ ಧಕ್ಕೆಯ ಅಂಚಿನಲ್ಲಿ ಮಳೆಗೆ ಮುಖ ಕೊಟ್ಟು ನಿಂತಿದ್ದರು. ಕೊಡೆ ಹಿಡಿಯಲು ಹೋದರೆ ಬೇಡ ಅಂದರು.

ಮಧ್ಯಾಹ್ನ ದಾಟಿದ ಮೇಲೆ ಮಳೆಯೊಳಗೆ ಬಿಳಿ ಏನೋ ಕಂಡಿತು. ಮೂಗಿ ಬಂತು, ಎಂದಿನಂತೆ ಸದ್ದಿಲ್ಲದೆ. ಮೂತಿಯ ಮೇಲೆ ಒಡೆದ ದೋಣಿಯ ಮರದ ಚೂರೇನಾದರೂ ಇದೆಯೋ ಎಂದು ನಾನು ಮೊದಲು ಅದನ್ನೇ ನೋಡಿದೆ. ಇರಲಿಲ್ಲ. ಡೆಕ್ಕಿನ ಮೇಲೆ ಕಂಬಳಿ ಹೊದ್ದ ಜನ ಕೂತಿದ್ದರು. ಒಬ್ಬೊಬ್ಬರನ್ನಾಗಿ ಇಳಿಸಿದರು. ಯಾವ ಊರಿನವರೋ, ನಮಗೆ ಗುರುತಿಲ್ಲದವರು. ಕೊನೆಯದಾಗಿ ಒಬ್ಬ ನಡುವಯಸ್ಸಿನವನು ಇಳಿದ. ಹಲ್ಲು ಕಟಕಟಿಸುತ್ತಿತ್ತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತ. ಅತ್ತೆ ನಡೆದು ಅವನ ಹತ್ತಿರ ಹೋದರು, ನಾನು ಇಬ್ಬರ ಮೇಲೂ ಕೊಡೆ ಹಿಡಿದೆ. ಸೆರಗಿನ ಒಣಗಿದ ತುದಿ ಹುಡುಕಿದರು, ಸಿಗಲಿಲ್ಲ, ನಮ್ಮವರ ಹೆಗಲಿನಿಂದ ಬೈರಾಸು ಎಳೆದುಕೊಂಡರು.

"ತಲೆ ಬಗ್ಗಿಸು," ಅಂದರು.

ಅವನು ಮಗುವಿನ ಹಾಗೆ ಬಗ್ಗಿಸಿದ. ಅತ್ತೆ ಒರೆಸತೊಡಗಿದರು. ನೆತ್ತಿ, ಕಿವಿ, ಕುತ್ತಿಗೆಯ ಹಿಂಭಾಗ. "ಹೆಸರೆಂತ?" ಎಂದು ಕೇಳಿದರು. ಅವನು ಹೇಳಿದ. "ಮನೇಲಿ ಯಾರಿದ್ದಾರೆ?" ಎಂದು ಕೇಳಿದರು. ಅವನು ಅದನ್ನೂ ಹೇಳಿದ. ಜನ ಅವನನ್ನು ಬಿಸಿ ಗಂಜಿಗೆ ಕರೆದರು, ಅವನು ಹೊರಡಲು ನೋಡಿದ. ಅತ್ತೆ ಬಿಡಲಿಲ್ಲ. ತಲೆ ಒಣಗಿದ ಮೇಲೂ ಒರೆಸುತ್ತಲೇ ಇದ್ದರು.